ಸೋಡಾ ಗಾಳಿಯ ಗುಂಡಿ

ಆ ಮನೆಯಲ್ಲಿ ಮಾವ ಮತ್ತು ಸೊಸೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹಾಗೆಂದ ಮಾತ್ರಕ್ಕೆ ಮನೆ ಶಾಂತವಾಗಿತ್ತು ಎಂದುಕೊಳ್ಳಬೇಡಿ. ಇಬ್ಬರೂ ಒಂದೇ ಊಟದ ಮೇಜಿಗೆ ಕೂರುತ್ತಿದ್ದರು, ಒಂದೇ ಬಸ್ಸಿನಲ್ಲಿ ಒಂದೇ ಕಡೆ ಕೆಲಸಕ್ಕೆ ಹೋಗುತ್ತಿದ್ದರು, ಒಬ್ಬರಿಗೊಬ್ಬರು ಹೇಳುವುದಕ್ಕೆ ಇಬ್ಬರ ಹೊಟ್ಟೆಯಲ್ಲೂ ಬೇಕಾದಷ್ಟಿತ್ತು. ಅದನ್ನೆಲ್ಲ ನಡುವೆ ಕುಳಿತ ಗಂಡನ ಮೂಲಕ ಹೇಳುತ್ತಿದ್ದರು. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಬಡಪಾಯಿಗೆ ಮನೆಗೆ ಬಂದರೂ ಅದೇ ಟಪಾಲು.

"ಅವಳಿಗೆ ಹೇಳು, ಉಪ್ಪು ಕಾಯಿಸಿ ಕರೆಂಟ್ ಮಾಡೋರಿಗೆ ಅಡುಗೆಗೆ ಉಪ್ಪು ಹಾಕೋಕೆ ಮಾತ್ರ ನೆನಪಾಗಲ್ಲ ಅಂತ," ಎನ್ನುತ್ತಿದ್ದರು ಮಾವ, ತಟ್ಟೆಯಿಂದ ಕಣ್ಣೆತ್ತದೆ.

"ನಿಮ್ಮಪ್ಪನಿಗೆ ಹೇಳಿ, ಕಲ್ಲಿದ್ದಲ ಹೊಗೆ ಕುಡಿದು ಸತ್ತ ನಾಲಿಗೆಗೆ ಎಷ್ಟು ಉಪ್ಪು ಸುರಿದ್ರೂ ಅಷ್ಟೇ ಅಂತ," ಎನ್ನುತ್ತಿದ್ದಳು ಸೊಸೆ.

ಗಂಡ ಎರಡನ್ನೂ ಕೇಳಿಸಿಕೊಂಡು, ಯಾವುದನ್ನೂ ತಲುಪಿಸದೆ, ಉಪ್ಪಿನ ಬಟ್ಟಲನ್ನು ಅಪ್ಪನ ಕಡೆ ತಳ್ಳುತ್ತಿದ್ದ.

ಜಗಳದ ಬೇರು ಇದ್ದದ್ದು ಚಿಮಣಿಯಲ್ಲಿ. ಮಾವ ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಮೇಸ್ತ್ರಿಯಾಗಿದ್ದವರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುವುದು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಮಹಡಿ ಎತ್ತರದ ಬಾಯ್ಲರು, ಅದರ ಹಬೆ, ಆ ಹಬೆಗೆ ಗುಡುಗುತ್ತ ತಿರುಗುವ ಟರ್ಬೈನು, ಇದು ಅವರ ರಾಜ್ಯ. ಆಮೇಲೆ ಕಲ್ಲಿದ್ದಲು ಸಾಕು ಎಂದಾಯಿತು. ಅದೇ ಜಾಗದಲ್ಲಿ ಹೊಸ ಸ್ಥಾವರ ಬಂತು, ಹಳೆಯ ಕೆಲಸಗಾರರನ್ನು ಅದರಲ್ಲೇ ಉಳಿಸಿಕೊಂಡರು. ಬಯಲಿನ ತುಂಬ ಕನ್ನಡಿಗಳು. ಅವುಗಳ ಬಿಸಿಲನ್ನೆಲ್ಲ ಒಂದೇ ಕಡೆ ಹಿಡಿದು ಉಪ್ಪು ಕರಗಿಸುವ ಗೋಪುರ. ಕರಗಿದ ಉಪ್ಪು ಮಾರನೆಯ ದಿನದವರೆಗೂ ಆರದಂತೆ ಇಟ್ಟುಕೊಳ್ಳುವ ತೊಟ್ಟಿ. ಟರ್ಬೈನಿಗೆ ಹಬೆಯೇ ಬೇಡ. ಇಂಗಾಲದ ಡೈಆಕ್ಸೈಡ್ ಅನ್ನು ನೀರಿನಷ್ಟು ದಟ್ಟವಾಗುವವರೆಗೆ ಒತ್ತಿ, ಆ ಉಪ್ಪಿನ ಬಿಸಿ ಕೊಟ್ಟು, ಅದರ ಒತ್ತಡದಿಂದಲೇ ತಿರುಗಿಸುವುದು. ಹಳೆಯ ಟರ್ಬೈನು ಒಂದು ಬಸ್ಸಿನಷ್ಟಿತ್ತು, ಇದು ಊಟದ ಮೇಜಿನಷ್ಟು. ಅಷ್ಟೇ ಬಿಸಿಗೆ ಮೊದಲಿಗಿಂತ ಹೆಚ್ಚು ಕರೆಂಟು, ಹೊಗೆಯಿಲ್ಲ, ಬೂದಿಯಿಲ್ಲ. ಸೋಡಾ ಬಾಟಲಿಯಲ್ಲಿ ಗುಳುಗುಳು ಎನ್ನುವುದೂ ಇದೇ ಗಾಳಿ ಎಂದು ಯಾರೋ ಹೇಳಿದ್ದೇ ತಡ, ಮೇಸ್ತ್ರಿ ಅದಕ್ಕೆ ಸೋಡಾ ಮಿಷನ್ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು.

ಸೊಸೆ ಆ ಸೋಡಾ ಮಿಷನ್ನಿನ ಎಂಜಿನಿಯರು. ಹಳೆಯ ಚಿಮಣಿ ಕೆಡವಿದ ದಿನ ಕೆಂಪು ಬಾವುಟ ಇಳಿಸಿ ಸನ್ನೆ ಕೊಟ್ಟವಳೂ ಅವಳೇ. ಅದು ಅವಳ ಕೆಲಸ, ಮಾಡಿದಳು. ಮುನ್ನೂರು ಅಡಿಯ ಚಿಮಣಿ ಮಂಡಿ ಮಡಿಸಿದಂತೆ ಕುಸಿದು ಬಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಬೇಲಿಯಾಚೆ ನಿಂತಿದ್ದ ಮೇಸ್ತ್ರಿ ಅದನ್ನು ನೋಡಿದರು. ಚಿಮಣಿ ಬಿದ್ದದ್ದಕ್ಕಲ್ಲ, ಆ ಚಪ್ಪಾಳೆಗೆ ಅವರು ಮಾತು ಬಿಟ್ಟರು. ತಪ್ಪಾಯಿತು ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅವಳಿಗೂ ಮೂಗಿನ ತುದಿಯಲ್ಲೇ ಕೋಪ. ಹೇಳಲಿಲ್ಲ.

ಮೇಸ್ತ್ರಿಯನ್ನು ಸ್ಥಾವರದವರು ತಲೆಯ ಮೇಲೆ ಕೂರಿಸಿಕೊಂಡಿದ್ದಕ್ಕೆ ಒಂದು ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಹಳೆಯ ಬಾಯ್ಲರಿನ ಹಬೆ ಪೈಪು ಸಿಡಿದಿತ್ತು. ಹಬೆ ಮೇಲಕ್ಕೇರುತ್ತದೆ, ನೆಲದಲ್ಲಿ ಒಂದಿಷ್ಟು ತಂಪು ಗಾಳಿ ಉಳಿದಿರುತ್ತದೆ. ಮೇಸ್ತ್ರಿ ಒಂದೇ ಒಂದು ಕೂಗು ಹಾಕಿದರು: "ಮಲಗ್ರೋ!" ಐದು ಜನ ಬೋರಲಾಗಿ ನೆಲಕ್ಕೆ ಬಿದ್ದರು, ತೆವಳಿಕೊಂಡು ಹೊರಗೆ ಬಂದರು, ಬದುಕಿದರು. ಆರನೆಯವನು ಸತ್ತ. ಅವನು ಮೇಸ್ತ್ರಿಯ ಸ್ವಂತ ತಮ್ಮ. ಹೇಳಿದ ಮಾತು ಕೇಳದೆ ಎದ್ದು ಓಡಿದ, ಬೆಂದುಹೋದ ಎಂದು ವರದಿಯಲ್ಲಿ ಬರೆದರು. ಬದುಕಿದ ಐದೂ ಜನ ಅಂದಿನಿಂದ ಮೇಸ್ತ್ರಿಯ ನೆರಳಾದರು. ಮನೆಗೆ ಯಾರೇ ಬರಲಿ, ಮೇಸ್ತ್ರಿ ಈ ಕತೆ ಹೇಳದೆ ಬಿಡುತ್ತಿರಲಿಲ್ಲ. "ನನ್ನ ತಮ್ಮ ಒಳ್ಳೆಯವನೇ, ಆದ್ರೆ ಮಾತು ಕೇಳ್ತಿರಲಿಲ್ಲ" ಎಂದು ಮುಗಿಸುತ್ತಿದ್ದರು.

ಇದು ಸುಳ್ಳು ಎಂದು ಸೊಸೆಗೆ ಗೊತ್ತಿತ್ತು.

ಗೊತ್ತಾದದ್ದು ಗಂಡನಿಂದ. ಅತ್ತೆ ಸಾಯುವ ಹಿಂದಿನ ವಾರ ಮೇಸ್ತ್ರಿ ಹೆಂಡತಿಯ ಹಾಸಿಗೆಯ ಪಕ್ಕ ಕುಳಿತು ಅತ್ತಿದ್ದರು, ಬಾಗಿಲಲ್ಲಿ ಔಷಧಿ ಹಿಡಿದು ನಿಂತಿದ್ದ ಮಗನಿಗೆ ಅಷ್ಟೂ ಕೇಳಿಸಿತ್ತು. ತಮ್ಮ ಓಡಿರಲಿಲ್ಲ. ಅಂದು ಬೆಳಿಗ್ಗೆ ಅವನು ಬಂದು, "ಅಣ್ಣ, ಮೇಲಿನ ಪೈಪು ಶಿಳ್ಳೆ ಹೊಡೀತಿದೆ" ಎಂದಿದ್ದ. ಮೇಸ್ತ್ರಿ ಎಲ್ಲರೆದುರು ನಕ್ಕು, "ಹೆದರುಪುಕ್ಕಲ, ನೀನೇ ಏಣಿ ಹತ್ತಿ ನೋಡ್ಕೊಂಡು ಬಾ" ಎಂದಿದ್ದರು. ಪೈಪು ಸಿಡಿದಾಗ ಅವನು ಏಣಿಯ ತುದಿಯಲ್ಲಿದ್ದ. ಅಲ್ಲಿ ಮಲಗುವುದೆಲ್ಲಿಂದ ಬಂತು? ಮದುವೆಯಾದ ಹೊಸತರಲ್ಲಿ ಗಂಡ ಇದನ್ನು ಅವಳಿಗೆ ಹೇಳಿದ್ದ. "ಬದುಕಿದ ಐದು ಜನಕ್ಕೂ ಗೊತ್ತು, ಆದ್ರೆ ಯಾರೂ ಬಾಯಿ ಬಿಡಲ್ಲ. ನೀನೂ ಬಿಡಬೇಡ. ಅಪ್ಪ ಆ ಕತೆ ಮೇಲೇ ಬದುಕಿರೋದು" ಎಂದಿದ್ದ. ಅವಳು ಅವನ ಕೈ ಹಿಡಿದು ಮಾತು ಕೊಟ್ಟಿದ್ದಳು. ಮೂರು ವರ್ಷದ ಜಗಳದಲ್ಲಿ ಏನೇನೋ ಅಂದಿದ್ದಳು, ಆ ಒಂದು ಮಾತನ್ನು ಮಾತ್ರ ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು.

ಸೋಡಾ ಮಿಷನ್ ಇಟ್ಟದ್ದು ಹಳೆಯ ಟರ್ಬೈನಿನ ಅಡಿಪಾಯದಲ್ಲೇ, ನೆಲದಿಂದ ಇಪ್ಪತ್ತೆರಡು ಮೆಟ್ಟಿಲು ಕೆಳಗೆ. ಎಲ್ಲರೂ ಅದನ್ನು ಗುಂಡಿ ಎನ್ನುತ್ತಿದ್ದರು. ಅಲ್ಲಿ ಇಳಿಯುವ ಪ್ರತಿಯೊಬ್ಬನೂ ಎರಡು ದಿನ ಪಾಠಕ್ಕೆ ಕೂರಬೇಕು, ಕೂತಿದ್ದಾನೆ ಎಂದು ಸೊಸೆ ಅವನ ಕಾರ್ಡಿಗೆ ಸಹಿ ಹಾಕಬೇಕು. ಪಾಠದಲ್ಲಿ ಒಂದು ಆಟವಿತ್ತು. ಗಾಜಿನ ತೊಟ್ಟಿಯಲ್ಲಿ ಎರಡು ಮೇಣದಬತ್ತಿ, ಒಂದು ತಳದಲ್ಲಿ, ಒಂದು ಎತ್ತರದಲ್ಲಿ. ತಳಕ್ಕೆ ಒಣ ಮಂಜುಗಡ್ಡೆಯ, ಎಂದರೆ ಇದೇ ಗಾಳಿಯನ್ನು ಹೆಪ್ಪುಗಟ್ಟಿಸಿದ್ದರ, ನಾಲ್ಕು ತುಂಡು ಹಾಕುವಳು. ಬಿಳಿ ಹೊಗೆ ತೊಟ್ಟಿಯ ತಳದಲ್ಲಿ ಹರಡುವುದು. ಕೆಳಗಿನ ಬತ್ತಿ ಫಕ್ಕನೆ ಆರುವುದು, ಮೇಲಿನದು ಉರಿಯುತ್ತಲೇ ಇರುವುದು.

"ಈ ಗಾಳಿ ಭಾರ. ಹಬೆ ಥರ ಮೇಲಕ್ಕೆ ಹೋಗಲ್ಲ, ಕೆಳಗೆ ಕೂರುತ್ತೆ. ಸೋರಿದ್ರೆ ನೋಡೋಕೆ ಹಬೆ ಥರಾನೇ ಬೆಳ್ಳಗೆ ಕಾಣುತ್ತೆ. ಆಗ ಮಲಗಿದ್ರೆ ಒಂದೂವರೆ ನಿಮಿಷಕ್ಕೆ ಎಚ್ಚರ ತಪ್ಪುತ್ತೆ. ಎದ್ದು ನಿಲ್ಲಬೇಕು, ಮೆಟ್ಟಿಲು ಹತ್ತಬೇಕು. ಗೊತ್ತಾಯ್ತಾ?" ಎಂದು ಕೇಳುವಳು.

ಮೇಸ್ತ್ರಿಯ ಐದು ಜನ ಬಂದರು, ಎರಡು ದಿನ ಕೂತರು. ಅವರಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವನನ್ನು ಕುಳ್ಳ ಎನ್ನುತ್ತಿದ್ದರು. "ಎಂಜಿನಿಯರಮ್ಮ, ನಾನು ನಿಂತ್ರೂ ಒಂದೇ ಮಲಗಿದ್ರೂ ಒಂದೇ, ನನಗೊಂದು ಸ್ಟೂಲು ಕೊಡಿಸಿ" ಎಂದು ಅವನು ಎಲ್ಲರನ್ನೂ ನಗಿಸಿದ. ಐವರೂ ಸರಿಯಾಗಿ ಉತ್ತರ ಹೇಳಿದರು. ಐವರ ಕಾರ್ಡಿಗೂ ಸಹಿಯಾಯಿತು.

ಮೇಸ್ತ್ರಿ ಬರಲಿಲ್ಲ. ಸೊಸೆಯ ಮುಂದೆ ಬೆಂಚಿನ ಮೇಲೆ ಕೂತು ಮೇಣದಬತ್ತಿ ನೋಡುವುದೇ? "ಅವಳಿಗೆ ಹೇಳು, ಅವಳು ಹುಟ್ಟೋದಕ್ಕೆ ಮುಂಚೆ ನಾನು ಪೈಪು ಹಿಡಿದೋನು ಅಂತ." ಅವಳು ಹೇಳಿ ಕಳಿಸಿದಳು: ಹಾಗಾದರೆ ಗುಂಡಿಗೆ ಇಳಿಯುವ ಹಾಗಿಲ್ಲ. ಮೇಸ್ತ್ರಿ ಇಳಿಯದಿದ್ದರೆ ನಾವೂ ಇಳಿಯುವುದಿಲ್ಲ ಎಂದು ಆ ಐದು ಜನ ಕೈಕಟ್ಟಿ ಕೂತರು. ಪರೀಕ್ಷೆಗೆ ಮಿಷನ್ ಓಡಿಸುವ ದಿನ ಹತ್ತಿರ ಬಂದಿತ್ತು. ಮ್ಯಾನೇಜರು ಅವಳನ್ನು ಕರೆದು ಮೇಸ್ತ್ರಿಯ ಖಾಲಿ ಕಾರ್ಡನ್ನು ಮೇಜಿನ ಮೇಲಿಟ್ಟ.

"ನಿಮ್ಮ ಮನೆ ಜಗಳ ಇಲ್ಲಿಗೆ ತರಬೇಡಿ. ಅವರಿಗೆ ನೀವೇನು ಕಲಿಸೋದು? ಹಾಕಿ ಒಂದು ಸಹಿ."

ಇಲ್ಲ ಎನ್ನಬಹುದಿತ್ತು. ಎಷ್ಟೋ ಸಣ್ಣ ವಿಷಯಕ್ಕೆ ಅವಳು ಆ ಕೋಣೆಯಲ್ಲಿ ಇಲ್ಲ ಎಂದವಳೇ. ಆದರೆ ಅಂದು ಅವಳ ಮನಸ್ಸಿನಲ್ಲಿ ಬೇರೆಯದೇ ಒಂದು ಲೆಕ್ಕ ಎದ್ದಿತು. ಇಳಿಯಲಿ. ಏನೂ ತಿಳಿಯದೆ ಇಳಿಯಲಿ. ಯಾವುದೋ ಕವಾಟವನ್ನು ತಪ್ಪಾಗಿ ತಿರುಗಿಸಿ ಎಲ್ಲರೆದುರು ಪೆಚ್ಚಾಗಲಿ, ಆಗ ಗೊತ್ತಾಗುತ್ತದೆ ಯಾರು ಯಾರಿಗೆ ಕಲಿಸಬೇಕು ಎಂದು. ಅವಳು ಪೆನ್ನು ತೆಗೆದು, ಕಲಿಸಲಾಗಿದೆ ಎಂಬ ಅಚ್ಚಿನ ಅಕ್ಷರದ ಕೆಳಗೆ ಸಹಿ ಹಾಕಿದಳು. ಒಳಗೊಳಗೇ ಖುಷಿಯೂ ಆಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಪರೀಕ್ಷೆಯ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಮಿಷನ್ ಸಣ್ಣಗೆ ಗುಂಯ್‌ಗುಡುತ್ತ ಓಡುತ್ತಿತ್ತು. ಅವಳು ಗುಂಡಿಯ ಮೇಲಂಚಿನಲ್ಲಿದ್ದ ಗಾಜಿನ ಕಂಟ್ರೋಲ್ ರೂಮಿನಲ್ಲಿದ್ದಳು, ಜೊತೆಗೊಬ್ಬ ಆಪರೇಟರು. ಕೆಳಗೆ ಮೇಸ್ತ್ರಿಯೂ ಅವರ ಐದು ಜನವೂ ಮೆಟ್ಟಿಲು ಇಳಿಯುವುದು ಕಂಡಿತು. ಮೇಸ್ತ್ರಿಯ ಕೈಯಲ್ಲಿ ಒಂದು ಉದ್ದ ಕೋಲಿನ ಪೊರಕೆ.

"ಇದೇನು, ಕಸ ಗುಡಿಸೋಕೆ ಹೊರಟ್ರಾ?" ಎಂದು ಆಪರೇಟರು ನಕ್ಕ.

ಅವಳು ನಗಲಿಲ್ಲ. ಆ ಪೊರಕೆ ಏನೆಂದು ಅವಳಿಗೆ ಗೊತ್ತಿತ್ತು. ತುಂಬ ಒತ್ತಡದ ಹಬೆ ಸಣ್ಣ ಸಂದಿಯಲ್ಲಿ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೈಯಿಟ್ಟರೆ ಬೆರಳು ಕತ್ತರಿಸಿ ಹಾಕುತ್ತದೆ. ಅದಕ್ಕೇ ಹಬೆಯವರು ಪೊರಕೆಯನ್ನು ಮುಂದೆ ಹಿಡಿದು ನಡೆಯುತ್ತಾರೆ. ಪೊರಕೆಯ ಕಡ್ಡಿ ಎಲ್ಲಿ ತುಂಡಾಗುತ್ತದೋ ಅಲ್ಲಿ ಸೋರಿಕೆ. ಮೇಸ್ತ್ರಿಗೆ ಏನೋ ಶಿಳ್ಳೆ ಕೇಳಿಸಿರಬೇಕು. ಹನ್ನೆರಡು ವರ್ಷದಿಂದ ಅವರು ಒಂದು ಶಿಳ್ಳೆಯನ್ನೂ ಅಲಕ್ಷ್ಯ ಮಾಡಿದವರಲ್ಲ, ಬೇರೆ ಯಾರನ್ನೂ ಮೊದಲು ಕಳಿಸಿದವರೂ ಅಲ್ಲ. ಐದು ಜನರನ್ನು ಹಿಂದೆ ನಿಲ್ಲಿಸಿ ತಾವೇ ಮುಂದೆ ನಡೆದರು.

ಪೊರಕೆಯ ಕಡ್ಡಿಗಳು ಅಡ್ಡಡ್ಡ ತುಂಡಾಗಿ ಉದುರಿದ್ದು ಮೇಲಿನಿಂದಲೂ ಕಂಡಿತು. ಮೇಸ್ತ್ರಿ ಹಿಂದಕ್ಕೆ ಜಿಗಿದರು. ಮರುಕ್ಷಣ ಎರಡು ಪೈಪು ಸೇರುವ ಕಡೆ ಸೋರದಂತೆ ನಡುವೆ ಇಟ್ಟಿದ್ದ ಬಿಲ್ಲೆ ಕಿತ್ತುಕೊಂಡು, ಕಿವಿ ತೂತಾಗುವ ಸದ್ದಿನೊಡನೆ ಬಿಳಿ ಮೋಡ ಉಕ್ಕಿತು. ಮಿಷನ್ ತಾನಾಗಿ ನಿಂತಿತು. ಸೈರನ್ ಕೂಗಿತು.

ಮೇಸ್ತ್ರಿಯ ಗಂಟಲು ಸೈರನ್ನನ್ನೂ ಮೀರಿ ಎದ್ದಿತು.

"ಮಲಗ್ರೋ!"

ಐದು ಜನವೂ ಬಿದ್ದರು. ಎರಡು ದಿನ ಬೆಂಚಿನ ಮೇಲೆ ಕೂತು, ಮೇಣದಬತ್ತಿ ನೋಡಿ, ಸರಿಯಾದ ಉತ್ತರ ಹೇಳಿ ಕಾರ್ಡು ಪಡೆದ ಅದೇ ಐದು ಜನ, ಬೆಳ್ಳಗಿನದನ್ನು ಕಂಡು ಆ ಕೂಗು ಕೇಳಿದ್ದೇ, ಗುಂಡಿಯ ನೆಲಕ್ಕೆ ಬೋರಲಾಗಿ ಬಿದ್ದರು. ಮೇಸ್ತ್ರಿಯೂ ಅವರ ಪಕ್ಕ ಮಲಗಿದರು. ಒಮ್ಮೆ ಅವರ ಜೀವ ಉಳಿಸಿದ್ದ ಮಾತು ಅದು. ಆ ಮಾತಿನ ಮುಂದೆ ಸೊಸೆಯ ಪಾಠ ಯಾವ ಮೂಲೆಗೆ?

ಆಪರೇಟರು ಮುಖಕ್ಕೆ ಹಾಕುವ ಗಾಳಿಯ ಸಿಲಿಂಡರು ತರಲು ಓಡಿದ. ಇದ್ದದ್ದು ಒಂದು, ತಂದು ತೊಟ್ಟು ಇಳಿಯಲು ಎರಡು ನಿಮಿಷ ಬೇಕು. ಗುಂಡಿಯ ಫ್ಯಾನುಗಳು ತಿರುಗತೊಡಗಿದ್ದವು, ಅವು ಆ ಸೋಡಾ ಗಾಳಿಯನ್ನು ಹೊರಹಾಕಲು ನಾಲ್ಕು ನಿಮಿಷ. ಅದು ಎಷ್ಟೆತ್ತರ ತುಂಬಿದೆ ಎಂದು ತೋರಿಸುವ ಗೋಡೆಯ ಮಾಪಕಗಳಲ್ಲಿ ಹಿಮ್ಮಡಿಯೆತ್ತರದ್ದು ಆಗಲೇ ಕೆಂಪಗಾಗಿತ್ತು. ಎದೆಯೆತ್ತರದ್ದು ಇನ್ನೂ ಹಸಿರು. ಎದ್ದು ನಿಂತರೆ ಬದುಕುತ್ತಾರೆ. ಅಷ್ಟೇ ಬೇಕಾಗಿದ್ದದ್ದು.

ಅವಳು ಮೈಕು ಹಿಡಿದಳು. "ಏಳಿ! ಎಲ್ಲ ಎದ್ದೇಳಿ! ಮೆಟ್ಟಿಲು ಹತ್ತಿ! ಇದು ಹಬೆ ಅಲ್ಲ!"

ಒಂದಿಬ್ಬರು ತಲೆಯೆತ್ತಿ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಅಂಗೈಯನ್ನು ನೆಲಕ್ಕೆ ಒತ್ತುವಂತೆ ಕೈಯಾಡಿಸಿದರು. ಮಲಗಿರಿ. ಅವಳು ಏನೋ ಒದರುತ್ತಾಳೆ, ಮಲಗಿರಿ. ತಲೆಗಳು ಮತ್ತೆ ಕೆಳಗೆ ಹೋದವು.

"ಮಾವ! ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದೇಳಿ! ಅವರನ್ನ ಎಬ್ಬಿಸಿ!"

ಮೂರು ವರ್ಷದಲ್ಲಿ ಅವಳು ಅವರನ್ನು ನೇರವಾಗಿ ಕರೆದದ್ದು ಅದೇ ಮೊದಲು. ಮೇಸ್ತ್ರಿ ಗಾಜಿನ ಕಡೆ ಮುಖ ತಿರುಗಿಸಿದರು. ಆ ಮುಖದಲ್ಲಿ ಭಯವಿರಲಿಲ್ಲ. ಎಂಜಿನಿಯರಮ್ಮ ಹೆದರಿದ್ದಾಳೆ ಎಂಬ ಸಮಾಧಾನವಿತ್ತು. ಮತ್ತೆ ಅಂಗೈ ಒತ್ತಿದರು. ಮಂಡಿಯೆತ್ತರದ ಮಾಪಕವೂ ಕೆಂಪಾಯಿತು. ಸೈರನ್ ಶುರುವಾಗಿ ಇಪ್ಪತ್ತೈದು ಸೆಕೆಂಡು ಆಗಿತ್ತು.

ಬೇಡಿಕೊಂಡರೆ ಈ ಮನುಷ್ಯ ಏಳುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಮೂರು ವರ್ಷ ಒಂದೇ ಸೂರಿನಡಿ ದ್ವೇಷ ಮಾಡಿದ್ದರಿಂದ ಒಂದು ಮಾತ್ರ ಲಾಭವಾಗಿತ್ತು: ಅವರನ್ನು ಏನು ಎಬ್ಬಿಸುತ್ತದೆ ಎಂದು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಮೈಕನ್ನು ಬಾಯಿಗೆ ಒತ್ತಿಕೊಂಡಳು.

"ಏಯ್ ಮುದುಕ! ನಿನ್ನ ತಮ್ಮ ಓಡಿಹೋಗಲಿಲ್ಲ ಕಣೋ! ಅವನನ್ನ ಏಣಿ ಹತ್ತಿಸಿದೋನು ನೀನು! ಪೈಪು ಶಿಳ್ಳೆ ಹೊಡೀತಿದೆ ಅಂತ ಹೇಳೋಕೆ ಬಂದೋನಿಗೆ ಹೆದರುಪುಕ್ಕಲ ಅಂದೋನು ನೀನು! ಅವನನ್ನ ಕೊಂದೋನು ನೀನು! ಕೊಂದು, ಮಾತು ಕೇಳದ ಮೂರ್ಖ ಅಂತ ಹನ್ನೆರಡು ವರ್ಷದಿಂದ ಅವನ ಹೆಸರಿಗೇ ಮಸಿ ಬಳೀತಿದೀಯಲ್ಲ, ನಾಚಿಕೆ ಆಗಲ್ವಾ? ತಾಕತ್ತಿದ್ರೆ ಎದ್ದು ಮೇಲೆ ಬಾ! ಬಂದು ನನ್ನ ಕಪಾಳಕ್ಕೆ ಹೊಡಿ ನೋಡೋಣ!"

ಆ ಧ್ವನಿವರ್ಧಕ ಗುಂಡಿಯೊಂದಕ್ಕೇ ಅಲ್ಲ, ಕಚೇರಿಗೆ, ಕ್ಯಾಂಟೀನಿಗೆ, ಕನ್ನಡಿಯ ಬಯಲಿಗೆ, ಗೇಟಿನವರೆಗೂ ಹೋಗುವಂಥದ್ದು. ಕನ್ನಡಿ ಒರೆಸುತ್ತಿದ್ದವರು ಬಟ್ಟೆ ಕೈಯಲ್ಲಿ ಹಿಡಿದು ಗರ ಬಡಿದವರಂತೆ ನಿಂತುಬಿಟ್ಟರು ಎಂದು ಆಮೇಲೆ ಹೇಳಿದರು.

ಮೇಸ್ತ್ರಿ ಎದ್ದರು.

ಒಮ್ಮೆಗೇ ಎದ್ದರು, ಐವತ್ತೆಂಟು ವರ್ಷದ ಮಂಡಿಗಳನ್ನು ಲೆಕ್ಕಿಸದೆ. ಮೋಡದ ಮೇಲೆ ಅವರ ತಲೆ, ಎದೆ, ಮುಷ್ಟಿ ಕಂಡವು. ಮಿಷನ್ನಿನ ಕಡೆಯೂ ನೋಡಲಿಲ್ಲ, ಸಂಗಡಿಗರ ಕಡೆಯೂ ನೋಡಲಿಲ್ಲ, ಗಾಜನ್ನೇ ದಿಟ್ಟಿಸುತ್ತ ಮೆಟ್ಟಿಲಿಗೆ ನುಗ್ಗಿದರು. ಮಲಗಿದ್ದವರಿಗೆ ಏಳಿ ಎಂದು ಯಾರೂ ಹೇಳಬೇಕಾಗಲಿಲ್ಲ. ಮೇಸ್ತ್ರಿ ಎದ್ದರೆಂದು ಎದ್ದರು, ಹತ್ತಿದರೆಂದು ಹತ್ತಿದರು. ಒಬ್ಬ ತೂರಾಡಿದ, ಇನ್ನೊಬ್ಬ ಅವನ ತೋಳು ಹಿಡಿದ. ಅವಳು ಎಣಿಸಿದಳು. ಮೇಸ್ತ್ರಿಯ ಹಿಂದೆ ನಾಲ್ಕು ತಲೆ.

"ಕುಳ್ಳ ಇಲ್ಲ!" ಎಂದು ಕಿರುಚಿದಳು. "ಕುಳ್ಳ ಎದ್ದಿಲ್ಲ!"

ಏಳನೆಯ ಮೆಟ್ಟಿಲಲ್ಲಿ ಮೇಸ್ತ್ರಿ ನಿಂತರು. ಆಗ ಅವರ ಬಾಯಲ್ಲೊಂದು ಹುಳಿ ರುಚಿ ಬಂದಿತ್ತಂತೆ, ಮೂಗಿನಲ್ಲಿ ಸೋಡಾ ಕುಡಿದಾಗಿನ ಚುರುಕು. ತಲೆ ಗಿರ್ರೆನ್ನುತ್ತಿತ್ತು. ಹಬೆಗೆ ಹುಳಿ ರುಚಿಯಿಲ್ಲ, ಹಬೆಯಾಗಿದ್ದರೆ ಇಷ್ಟು ಹೊತ್ತಿಗೆ ಚರ್ಮ ಸುಲಿದಿರಬೇಕಿತ್ತು. ಆ ಒಂದು ಕ್ಷಣದಲ್ಲಿ ಅವರಿಗೆ ಎಲ್ಲ ತಿಳಿಯಿತು. ನಾಲ್ವರನ್ನು ಮೇಲಕ್ಕೆ ದೂಡಿ, ಒಂದು ದೊಡ್ಡ ಉಸಿರೆಳೆದುಕೊಂಡು, ಬಾಯಿ ಮುಚ್ಚಿ ಮತ್ತೆ ಕೆಳಗಿಳಿದರು. ಮೋಡದಲ್ಲಿ ಕೈಯಾಡಿಸಿ ಕುಳ್ಳನ ಕಾಲರು ಹಿಡಿದರು. ಬೆಕ್ಕು ಮರಿಯನ್ನು ಎತ್ತುವಂತೆ ಎತ್ತಿ ಹೆಗಲಿಗೆ ಹಾಕಿಕೊಂಡು ಹತ್ತಿದರು. ಹದಿನೈದನೆಯ ಮೆಟ್ಟಿಲಿನ ಹತ್ತಿರ ಸಿಲಿಂಡರು ತೊಟ್ಟ ಆಪರೇಟರು ಎದುರಾಗಿ ಕುಳ್ಳನನ್ನು ತೆಗೆದುಕೊಂಡ.

ಮೇಸ್ತ್ರಿ ಅಲ್ಲಿಗೆ ನಿಲ್ಲಲಿಲ್ಲ. ಕಂಟ್ರೋಲ್ ರೂಮಿನ ಬಾಗಿಲನ್ನು ಒದ್ದು ತೆರೆದು ಕೈಯೆತ್ತಿದರು. ಅವಳು ಮುಖ ಸರಿಸದೆ ನಿಂತಳು. ಹೊಡೆಯಲಿ ಎಂದೇ ನಿಂತಳು. ಹೊಡೆದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಎತ್ತಿದ ಕೈ ಬಾಗಿಲ ಚೌಕಟ್ಟು ಹಿಡಿಯಿತು. ಮೈಕು ಇನ್ನೂ ಆರಿರಲಿಲ್ಲ. ಅವರ ಏದುಸಿರು ಇಡೀ ಸ್ಥಾವರಕ್ಕೆ ಕೇಳಿಸುತ್ತಿತ್ತು.

"ಯಾರು ಹೇಳಿದ್ರು ನಿಂಗೆ?" ಎಂದರು.

ಅವಳು ಮೈಕು ಆರಿಸಿದಳು. ಉತ್ತರ ಬೇಕಾಗಿಯೂ ಇರಲಿಲ್ಲ: ಆ ಐದು ಜನ ಬಾಯಿ ಬಿಡುವವರಲ್ಲ, ಅದನ್ನು ಅವಳಿಗೆ ಹೇಳಬಹುದಾದವನು ಲೋಕದಲ್ಲಿ ಒಬ್ಬನೇ, ಅವರ ಮಗ. ಮೇಸ್ತ್ರಿಯ ಕಣ್ಣಿನಲ್ಲಿ ಸಿಟ್ಟು ಇಳಿದು ಬೇರೇನೋ ಬಂತು. ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಕೂರಬೇಡಿ, ನಿಂತ್ಕೊಳ್ಳಿ," ಎಂದಳು ಅವಳು, ಅಭ್ಯಾಸಬಲದಿಂದ.

"ಮುಚ್ಚು ಬಾಯಿ," ಎಂದರು ಅವರು.

ಕುಳ್ಳ ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ.

ಅಂದು ಸಂಜೆ ಗಂಡ ಬೇಗ ಬಂದಿದ್ದ. ಅಂಚೆ ಕಚೇರಿಗೆ ಸುದ್ದಿ ಮಧ್ಯಾಹ್ನವೇ ತಲುಪಿತ್ತು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ, ಚಪ್ಪಲಿ ಕೂಡ ಬಿಚ್ಚಿರಲಿಲ್ಲ.

"ಅಪ್ಪನ್ನ ಉಳಿಸಿದೆ," ಎಂದ. "ಅದಕ್ಕೆ ನಾನು ಸಾಯೋವರೆಗೂ ಋಣಿ."

"ಬೇರೆ ದಾರಿ ಇರಲಿಲ್ಲ ರೀ. ಇದ್ದದ್ದು ಒಂದು ನಿಮಿಷ. ನಾನು ಬೇಕು ಅಂತ..."

"ಗೊತ್ತು. ನೀನು ಮಾಡಿದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ನೋ ಏನೋ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. "ಆದ್ರೆ ಇನ್ಮೇಲೆ ನನ್ನ ಮನಸ್ಸಿನದು ಏನನ್ನೂ ನಿಂಗೆ ಹೇಳೋಕೆ ಆಗಲ್ಲ. ಹಟಕ್ಕೆ ಹೇಳ್ತಿಲ್ಲ. ಬಾಯೇ ಬರಲ್ಲ, ಅಷ್ಟೇ."

ಆಮೇಲೆ ಅವನು ನಡುಮನೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಿದ್ದ ಅಪ್ಪನಿಗೂ ಕೇಳುವಂತೆ, "ನನ್ನ ಕೈಲಿ ಇನ್ನು ಯಾರೂ ಯಾರಿಗೂ ಏನೂ ಹೇಳಿ ಕಳಿಸಬೇಡಿ" ಎಂದ.

ಹತ್ತು ದಿನಕ್ಕೆ ವಿಚಾರಣೆ. ಹೊರಗಿನಿಂದ ಒಬ್ಬ ಮಹಿಳಾ ಅಧಿಕಾರಿ ಬಂದಿದ್ದಳು, ಮುಂದೆ ಆರು ಕಾರ್ಡು ಹರಡಿಕೊಂಡು. ಮೇಸ್ತ್ರಿಯ ಕಾರ್ಡನ್ನು ಎತ್ತಿ, "ಇವರಿಗೆ ಕಲಿಸಿದ್ರಾ?" ಎಂದು ಕೇಳಿದಳು.

ಮ್ಯಾನೇಜರು ಸೊಸೆಯನ್ನು ನೋಡಿದ, ಮೇಸ್ತ್ರಿ ಕಿಟಕಿ ನೋಡಿದರು. ಕಲಿಸಿದೆ, ಅವರು ಮರೆತರು ಎಂದರೆ ಮುಗಿಯಿತು. ಕಾರ್ಡಿನ ಮೇಲೆ ಸಹಿಯಿತ್ತು, ಅಲ್ಲ ಎಂದು ಬಾಯಿ ಬಿಡುವವರು ಆ ಸ್ಥಾವರದಲ್ಲಿ ಯಾರೂ ಇರಲಿಲ್ಲ.

"ಇಲ್ಲ," ಎಂದಳು. "ಅವರು ಬರಲಿಲ್ಲ. ಮ್ಯಾನೇಜರು ಸಹಿ ಹಾಕಿ ಅಂದ್ರು, ಹಾಕಿದೆ. ಅವರು ಹೇಳದಿದ್ರೂ ಹಾಕ್ತಿದ್ದೆ. ಕೆಳಗೆ ಇಳಿದು ಅವಮಾನ ಆಗಲಿ ಅಂತ ಹಾಕಿದೆ. ಜೀವಕ್ಕೆ ಕುತ್ತು ಬರುತ್ತೆ ಅಂತ ಹೊಳೆಯಲೇ ಇಲ್ಲ. ಅದನ್ನೇ ಕಲಿಸೋಳು ನಾನು, ನನಗೇ ಹೊಳೆಯಲಿಲ್ಲ."

ನಾನು ಹಾಗೆ ಹೇಳಲೇ ಇಲ್ಲ ಎಂದ ಮ್ಯಾನೇಜರು. ಅಧಿಕಾರಿ ಅದನ್ನೂ ಬರೆದುಕೊಂಡಳು.

ಆಮೇಲೆ ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಅವರು ಪ್ರಶ್ನೆಗೆ ಕಾಯಲಿಲ್ಲ. "ಅವಳು ಹೇಳಿದ್ದು ನಿಜ. ಪಾಠಕ್ಕೆ ನಾನೇ ಹೋಗಲಿಲ್ಲ. ಮಲಗ್ರೋ ಅಂದೋನು ನಾನು." ಕಿಟಕಿಯಿಂದ ಮುಖ ತಿರುಗಿಸಿದರು. "ಮೈಕಲ್ಲಿ ಹೇಳಿದ್ದೂ ನಿಜ. ಹನ್ನೆರಡು ವರ್ಷದ ಹಿಂದಿನ ಒಂದು ವರದಿ ಇದೆ. ತೆಗೀರಿ. ನನ್ನ ತಮ್ಮ ಓಡಲಿಲ್ಲ, ನಾನು ಕಳಿಸಿದೆ. ಹಾಗಂತ ತಿದ್ದಿ ಬರೀರಿ. ಸಹಿ ಎಲ್ಲಿ ಹಾಕಬೇಕು?"

ಬಾಗಿಲಾಚೆ ನಿಂತಿದ್ದ ಐದು ಜನರಲ್ಲಿ ಯಾರೋ ಬಿಕ್ಕಿದ ಸದ್ದು ಕೇಳಿತು. ಕುಳ್ಳನೇ ಇರಬೇಕು.

ಅವಳ ಸಹಿಯ ಅಧಿಕಾರವನ್ನು ಒಂದು ವರ್ಷ ಕಿತ್ತುಕೊಂಡರು. ಪಾಠ ಮಾಡಬಹುದು, ಕಾರ್ಡಿಗೆ ಬೇರೆಯವರು ಸಹಿ ಹಾಕುತ್ತಾರೆ. ಹೊರಗೆ ಓಣಿಯಲ್ಲಿ ಮಾವ ಸೊಸೆ ಇಬ್ಬರೇ ಎದುರುಬದುರಾದರು. ನಡುವೆ ಟಪಾಲಿನವನಿಲ್ಲ.

"ನಿನ್ನನ್ನ ನಾನು ಕ್ಷಮಿಸಲ್ಲ," ಎಂದರು ಮೇಸ್ತ್ರಿ.

"ನಾನು ಕೇಳೂ ಇಲ್ಲ."

"ಆ ಮೇಣದಬತ್ತಿದು ಯಾವಾಗ?"

"ಸೋಮವಾರ ಒಂಬತ್ತು ಗಂಟೆಗೆ."

ಸೋಮವಾರ ಅವರು ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ಎರಡು ದಿನವೂ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದರು. ಅವಳೂ ಕೂರಿ ಎನ್ನಲಿಲ್ಲ. ಮಂಜುಗಡ್ಡೆ ಹಾಕಿದಾಗ ಮಾತ್ರ ಹತ್ತಿರ ಬಂದರು. ಕೆಳಗಿನ ಬತ್ತಿ ಆರಿತು. ಮೇಸ್ತ್ರಿ ಆರಿದ್ದನ್ನು ನೋಡಲಿಲ್ಲ, ಉರಿಯುತ್ತಿದ್ದ ಮೇಲಿನ ಬತ್ತಿಯನ್ನೇ ನೋಡುತ್ತ ನಿಂತರು.

"ಅವನು ಮೇಲಿದ್ದ," ಎಂದರು, ಯಾರಿಗೂ ಅಲ್ಲದಂತೆ. "ಈ ಗಾಳಿ ಆಗಿದ್ರೆ ಅವನೊಬ್ಬ ಉಳಕೊಳ್ತಿದ್ದ."

ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು, ತೊಟ್ಟಿಯ ಗಾಜು ಒರೆಸತೊಡಗಿದಳು.

ಅಂದು ಊಟಕ್ಕೆ ಮೂವರೂ ಕೂತರು. ನಡುವಿನ ಕುರ್ಚಿಯಲ್ಲಿ ಗಂಡ, ತಲೆ ತಗ್ಗಿಸಿ. ಮೇಸ್ತ್ರಿ ಒಂದು ತುತ್ತು ತಿಂದು, ಮುಖ ಸಿಂಡರಿಸಿ, ಅಭ್ಯಾಸದಂತೆ ಮಗನ ಕಡೆ ತಿರುಗಿದರು. ಮಗ ಕಣ್ಣೆತ್ತಲಿಲ್ಲ. ಮೇಸ್ತ್ರಿ ನೇರ ಸೊಸೆಯನ್ನೇ ನೋಡಿದರು.

"ಉಪ್ಪು," ಎಂದರು.

ಅವಳು ಬಟ್ಟಲನ್ನು ತಳ್ಳಿದಳು. ಅವರು ಚಿಟಿಕೆ ಹಾಕಿಕೊಂಡು ವಾಪಸು ತಳ್ಳಿದರು. ಅವಳು ಅದನ್ನು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು.

"ನಿಮಗೂ ಬೇಕಾ?"

"ಬೇಡ," ಎಂದ ಅವನು.